ಬೀದಿದೀಪದ ಕೆಳಗಿನ ಸೇವಂತಿಗೆ

ನಮ್ಮ ಕಾಂಪೌಂಡ್ ಗೋಡೆಯ ಒಳಬದಿಗೆ, ಸಂಪಿನಿಂದ ಗೇಟಿನವರೆಗೆ ಸೇವಂತಿಗೆ ಸಾಲು ಇದೆ. ಎಲ್ಲವೂ ಒಂದೇ ತಾಯಿಗಿಡದ ಮರಿಗಳು, ಊರಿನ ಹಿತ್ತಲಿಂದ ತಂದದ್ದು. ಒಂದೇ ಮಣ್ಣು, ಒಂದೇ ಕೊಟ್ಟಿಗೆ ಗೊಬ್ಬರ, ಒಂದೇ ಪೈಪಿನ ನೀರು. ಆದರೂ ಕಾರ್ತಿಕ ಮುಗಿಯುವ ಹೊತ್ತಿಗೆ ಸಂಪಿನ ಕಡೆಯ ಗಿಡಗಳು ಮೈತುಂಬ ಹಳದಿ ಹೂ ಹೊತ್ತು ನಿಂತರೆ, ಗೇಟಿನ ಕಡೆಯವು ಬರೀ ಎಲೆ. ಸೊರಗಿವೆಯಾ ಅಂದರೆ ಅದೂ ಇಲ್ಲ. ಇಡೀ ಸಾಲಿನಲ್ಲಿ ಅವೇ ಎತ್ತರ, ಅವೇ ಕಡುಹಸಿರು. ಹೊಸ ಚಿಗುರು ಬರುತ್ತಲೇ ಇರುತ್ತದೆ, ಆ ಚಿಗುರಿನ ತುದಿಯಲ್ಲಿ ಮೊಗ್ಗು ಮಾತ್ರ ಕೂರುವುದಿಲ್ಲ.

ನೋಡಿದವರೆಲ್ಲ ಒಂದೊಂದು ಹೇಳಿದರು. ಗೊಬ್ಬರ ಜಾಸ್ತಿ ಆಗಿದೆ ಅಂದರು ಒಬ್ಬರು. ಪಕ್ಕದ ಮನೆಯ ಆಂಟಿ ಬೂದಿ ಹಾಕು ಅಂದರು. ನರ್ಸರಿಯವರು ಒಂದು ಬಾಟಲಿ ಕೊಟ್ಟರು, ಹದಿನೈದು ದಿನಕ್ಕೊಮ್ಮೆ ಸಿಂಪಡಿಸಿ ಅಂತ. ಯಾವುದರಿಂದಲೂ ಏನೂ ಆಗಲಿಲ್ಲ. ಒಂದೇ ತಾಯಿಯ ಮರಿಗಳು, ನಡುವೆ ನಾಲ್ಕು ಹೆಜ್ಜೆಯ ಅಂತರ, ಇಷ್ಟು ಬೇರೆ ಹೇಗೆ ಅನ್ನುವುದು ನನ್ನನ್ನು ಸುಮ್ನೆ ಬಿಡಲಿಲ್ಲ.

ಬಿಸಿಲಿನ ಗಿಡ

ಸೇವಂತಿಗೆಯನ್ನು ನಾವು ಹೂವಿನ ಲೆಕ್ಕದಲ್ಲೇ ನೋಡುತ್ತೇವೆ. ಮಾರಿಗೆ ಎಷ್ಟು, ಕೆಜಿಗೆ ಎಷ್ಟು, ಹಬ್ಬಕ್ಕೆ ಎಷ್ಟು ಏರಿತು. ಗಿಡವನ್ನು ನೋಡಿದವರು ಕಡಿಮೆ. ನೆಟ್ಟ ವರ್ಷವೇ ಅದರ ಕಾಂಡದ ಬುಡ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಮೇಲಿನ ಭಾಗ ಎಳಸಾಗಿ ರಸವತ್ತಾಗಿ ಇರುತ್ತದೆ. ಪೂರ್ತಿ ಪೊದೆಯೂ ಅಲ್ಲ, ಪೂರ್ತಿ ಹುಲ್ಲುಗಿಡವೂ ಅಲ್ಲ, ಎರಡರ ನಡುವಿನದು. ಹೂ ಮುಗಿದ ಮೇಲೆ ನೆಲದಿಂದ ಗೇಣುದ್ದ ಬಿಟ್ಟು ಕತ್ತರಿಸಿದರೆ ಬುಡದ ಸುತ್ತ ಮರಿಗಳು ಏಳುತ್ತವೆ. ಅವನ್ನು ಬೇರು ಸಮೇತ ಬಿಡಿಸಿ ನೆಟ್ಟರೆ ಮುಂದಿನ ವರ್ಷದ ಗಿಡ. ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಗಿನ ಹತ್ತಿರ ಹಿಡಿಯಿರಿ. ಹೂವಿಗಿಂತ ಎಲೆಯ ವಾಸನೆಯೇ ನನಗೆ ಇಷ್ಟ, ಔಷಧಿಯ ಹಾಗೆ ಕಟುವಾಗಿ, ಒಂದು ಥರ ತಣ್ಣಗೆ.

ಇದಕ್ಕೆ ಬಿಸಿಲು ಬೇಕೇ ಬೇಕು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಕಡೆ ನೆಟ್ಟರೆ ಕಾಂಡ ಸಣಕಲಾಗಿ ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ, ಒಂದು ಮಳೆಗೆ ಮಲಗಿಬಿಡುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ಮಡಿ ಸ್ವಲ್ಪ ಎತ್ತರ ಮಾಡಬೇಕು. ನೆಟ್ಟು ಒಂದು ತಿಂಗಳಾದ ಮೇಲೆ ಕುಡಿ ಚಿವುಟಬೇಕು, ಆಗ ಪಕ್ಕದಿಂದ ಕವಲು ಒಡೆಯುತ್ತದೆ, ಕವಲು ಹೆಚ್ಚಾದಷ್ಟೂ ಹೂ ಹೆಚ್ಚು. ಮೊಗ್ಗು ಬರುವ ಹೊತ್ತಿಗೆ ಎಳೆ ತುದಿಗಳಿಗೆ ಕಪ್ಪು ಹೇನು ಮುತ್ತುತ್ತದೆ. ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿದರೆ ಸಾಕು. ಇಷ್ಟು ಬಿಟ್ಟರೆ ಹೆಚ್ಚು ಕಾಟ ಕೊಡುವ ಗಿಡವಲ್ಲ.

ನಮ್ಮಜ್ಜಿ ಕುಡಿ ಚಿವುಟುವುದಕ್ಕೆ ಒಂದು ಗಡುವು ಇಟ್ಟುಕೊಂಡಿದ್ದರು. ಆಷಾಢದಲ್ಲಿ ಎಷ್ಟು ಬೇಕಾದರೂ ಚಿವುಟು, ಗೌರಿ ಹಬ್ಬ ಆದಮೇಲೆ ಕೈ ಹಾಕಬೇಡ. ಯಾಕಜ್ಜಿ ಅಂದರೆ, "ಆಮೇಲೆ ಅದು ಹೂವಿಗೆ ತಯಾರಾಯ್ತದೆ ಕಣೆ, ಈಗ ಚಿವುಟಿದ್ರೆ ಮೊಗ್ಗನ್ನೇ ಚಿವುಟಿದಂಗೆ" ಅನ್ನುತ್ತಿದ್ದರು. ಮೊಗ್ಗು ಕಣ್ಣಿಗೆ ಕಾಣುವುದಕ್ಕೆ ಇನ್ನೂ ಒಂದು ತಿಂಗಳಾದರೂ ಇರುವಾಗಲೇ ಈ ಮಾತು. ತುದಿಯೊಳಗೆ ಆಗಲೇ ಏನೋ ಶುರುವಾಗಿದೆ ಅಂತ ಅವರಿಗೆ ಹೇಗೆ ಗೊತ್ತಿತ್ತೋ. ವರ್ಷವರ್ಷವೂ ಅದೇ ಹಿತ್ತಲನ್ನು ನೋಡಿದವರಿಗೆ ಗೊತ್ತಾಗುತ್ತದೆ ಅನ್ನಿಸುತ್ತದೆ.

ಮಾವನ ತೋಟದ ದೀಪಗಳು

ಚಿಕ್ಕಬಳ್ಳಾಪುರದ ಕಡೆ ನನ್ನ ಸೋದರಮಾವ ಹೂ ಬೆಳೆಯುತ್ತಾರೆ. ಅವರ ಮನೆಯ ಮದುವೆಯೊಂದಕ್ಕೆ ಹೋದಾಗ ರಾತ್ರಿ ಊಟ ಮುಗಿಸಿ ತೋಟಕ್ಕೆ ಕರೆದುಕೊಂಡು ಹೋದರು. ದೂರದಿಂದಲೇ ಬೆಳಕು ಕಂಡಿತು. ಆ ಕಡೆ ರಾತ್ರಿ ಓಡಾಡಿದವರು ನೋಡಿರುತ್ತೀರಿ, ಕತ್ತಲ ಹೊಲಗಳ ನಡುವೆ ಒಂದು ತುಂಡು ಮಾತ್ರ ಝಗಮಗ. ಹತ್ತಿರ ಹೋದರೆ ಆಳೆತ್ತರದಲ್ಲಿ ತಂತಿ ಎಳೆದು, ತಂತಿಗೆ ಸಾಲಾಗಿ ಬಲ್ಬು ಕಟ್ಟಿದ್ದರು. ಕೆಳಗೆ ಮೊಣಕಾಲೆತ್ತರದ ಸೇವಂತಿಗೆ. ಒಂದೇ ಒಂದು ಹೂವಿಲ್ಲ. ದೀಪದ ಸುತ್ತ ಹುಳ ಹಾರುತ್ತಿದ್ದವು, ಎಲೆಗಳ ಮೇಲೆಲ್ಲ ಸತ್ತ ಹುಳ ಉದುರಿದ್ದವು.

"ಹುಳ ಹಿಡಿಯಕ್ಕಾ ಮಾವ ಈ ದೀಪ?" ಅಂತ ಕೇಳಿದೆ. ಚಳಿಗೆ ಇರಬಹುದಾ ಅಂತಲೂ ಯೋಚನೆ ಬಂದಿತ್ತು.

"ಇಲ್ಲಮ್ಮ, ಹೂ ಬರಬಾರ್ದು ಅಂತ ಹಾಕಿರೋದು" ಅಂದರು. ನಾನು ಅವರ ಮುಖ ನೋಡಿದೆ. "ದೀಪ ಇರೋಗಂಟ ಗಿಡ ಬೆಳೀತಾನೇ ಇರ್ತದೆ. ಬೇಕಾದಷ್ಟು ಎತ್ತರ ಬಂದ್ಮೇಲೆ ದೀಪ ತೆಗೀತೀವಿ. ತೆಗೆದ್ರೆ ಮೊಗ್ಗು ಹಿಡೀತದೆ. ಹಬ್ಬದಿಂದ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಬರ್ಬೇಕು." ಆಮೇಲೆ ಬಗ್ಗಿ ಒಂದು ಗಿಡದ ತುದಿಯನ್ನು ಎರಡು ಬೆರಳಲ್ಲಿ ಬಿಡಿಸಿ ತೋರಿಸಿದರು. ಒಳಗೆ ಎಳೆ ಎಲೆಗಳು ಒಂದರೊಳಗೊಂದು ಮಡಿಸಿಕೊಂಡಿದ್ದವು, ಮೊಗ್ಗಿನ ಗುಂಡಗಿನ ಆಕಾರ ಇರಲಿಲ್ಲ. ರಾತ್ರಿಯೆಲ್ಲ ಉರಿಸುವುದೂ ಬೇಡವಂತೆ. ನಡುರಾತ್ರಿ ಮೂರ್ನಾಲ್ಕು ಗಂಟೆ ಹಾಕಿದರೆ ಸಾಕು, ಗಿಡಕ್ಕೆ ಇಡೀ ರಾತ್ರಿಯೇ ಹೋದ ಲೆಕ್ಕ. ಕರೆಂಟು ಕೈಕೊಟ್ಟರೆ ಬೆಳೆಯ ಲೆಕ್ಕವೇ ತಪ್ಪುತ್ತದೆ, ಗಿಡ ಕುಳ್ಳಗಿರುವಾಗಲೇ ಹೂ ಬಂದುಬಿಡುತ್ತದೆ. ಹಾಗಾಗಿ ರಾತ್ರಿ ಎದ್ದು ಬಂದು ನೋಡುವುದು ಅವರ ಕೆಲಸಗಳಲ್ಲೊಂದು.

ನಾವು ವರಮಹಾಲಕ್ಷ್ಮಿಗೆ ಕಳಶದ ಪಕ್ಕ ಇಡುವ ಸೇವಂತಿಗೆ, ಆಯುಧಪೂಜೆಗೆ ಬೈಕಿಗೆ ಸುತ್ತುವ ಹಾರ, ಇವುಗಳ ಹಿಂದೆ ಹೀಗೆ ರಾತ್ರಿ ಎದ್ದು ದೀಪ ನೋಡುವ ಜನರಿದ್ದಾರೆ. ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ರೇಟು ಕೇಳಿ ಮುಖ ಸಿಂಡರಿಸುವಾಗ ನನಗೆ ಮಾವನ ಈ ತೋಟ ನೆನಪಾಗುತ್ತದೆ, ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ.

ಗೇಟಿನ ಕಂಬದ ನೆರಳು

ಮಾವ ಹೇಳಿದ್ದು ತಲೆಯಲ್ಲಿತ್ತು. ತುಮಕೂರಿಗೆ ವಾಪಸ್ ಬಂದ ಮೇಲೆ ರಾತ್ರಿ ಗೇಟಿಗೆ ಬೀಗ ಹಾಕಲು ಹೋದವಳು ಹಾಗೇ ನಿಂತೆ. ನಮ್ಮ ರಸ್ತೆಗೆ ಬಿಳಿ ಎಲ್‌ಇಡಿ ದೀಪ ಬಂದು ಕೆಲವು ವರ್ಷಗಳಾಗಿವೆ. ಹಳೆಯ ಹಳದಿ ದೀಪ ದೂರದ ಕಂಬದಲ್ಲಿತ್ತು, ಅದೂ ಅರ್ಧ ದಿನ ಹತ್ತುತ್ತಿರಲಿಲ್ಲ. ಹೊಸದು ನಮ್ಮ ಗೇಟಿನ ಎದುರಿಗೇ ಇದೆ, ಸಂಜೆ ಆರಕ್ಕೆ ಹತ್ತಿದರೆ ಬೆಳಗಿನವರೆಗೂ ಆರುವುದಿಲ್ಲ. ಆ ಬೆಳಕಲ್ಲಿ ಗೇಟಿನ ಪಕ್ಕದ ಗಿಡಗಳ ಒಂದೊಂದು ಎಲೆಯ ನರವೂ ಎಣಿಸುವ ಹಾಗೆ ಕಾಣುತ್ತಿತ್ತು. ಸಂಪಿನ ಕಡೆ ಮಾವಿನ ಮರದ ಕೊಂಬೆ ಅಡ್ಡ ಇದೆ, ಅಲ್ಲಿ ಕತ್ತಲು.

ನಡುವಿನ ಒಂದು ಗಿಡ ನೋಡಿ ಮಾತ್ರ ನನಗೆ ಮೈ ಜುಮ್ಮೆಂದಿತು. ಗೇಟಿನ ಕಂಬದ ನೆರಳು ಆ ಗಿಡದ ಮೇಲೆ ಗೆರೆ ಎಳೆದಂತೆ ಬಿದ್ದಿತ್ತು, ಅರ್ಧ ಬೆಳಕು, ಅರ್ಧ ನೆರಳು. ನೆರಳಿನ ಕಡೆಯ ಕವಲುಗಳಲ್ಲಿ ಕಡಲೆಕಾಳಿನ ಗಾತ್ರದ ಮೊಗ್ಗುಗಳು. ಬೆಳಕಿನ ಕಡೆಯ ಕವಲುಗಳಲ್ಲಿ ಎಲೆ. ಒಂದೇ ಬುಡ, ಒಂದೇ ಬೇರು. ನಾನು ಮೊಬೈಲಿನ ಟಾರ್ಚ್ ಹಾಕಿ ನೋಡಿದೆ, ಆಮೇಲೆ ಅದನ್ನೂ ಆರಿಸಿಬಿಟ್ಟೆ, ಅದಕ್ಕೆ ಇನ್ನಷ್ಟು ಬೆಳಕು ಬೇಡ ಅಂತ. ಮೊಗ್ಗು ಇರುವ ಕವಲನ್ನು ಬೆರಳಿಂದ ಹಿಡಿದು ಬುಡದವರೆಗೆ ಇಳಿದೆ, ಎಲೆ ಮಾತ್ರ ಇರುವ ಕವಲನ್ನೂ ಹಾಗೇ ಹಿಡಿದು ಇಳಿದೆ. ಎರಡೂ ಸೇರಿದ್ದು ಮಣ್ಣಿಂದ ನಾಲ್ಕು ಬೆರಳು ಮೇಲೆ, ಒಂದೇ ಗಟ್ಟಿ ಕಾಂಡದಲ್ಲಿ. ಗೊಬ್ಬರದ ಮಾತು, ಬೂದಿಯ ಮಾತು ಎಲ್ಲ ಅಲ್ಲಿಗೆ ಮುಗಿಯಿತು.

ಎಲೆಗೆ ಗೊತ್ತಾಗುವ ರಾತ್ರಿ

ಇದರ ಹಿಂದಿನ ವಿಜ್ಞಾನ ಹುಡುಕಿಕೊಂಡು ಓದುತ್ತಾ ಹೋದೆ. ಅಮೆರಿಕದ ಕೃಷಿ ಇಲಾಖೆಯಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಒಂದು ಜಾತಿಯ ಹೊಗೆಸೊಪ್ಪಿನ ಗಿಡದಿಂದ ತಲೆ ಕೆಡಿಸಿಕೊಂಡಿದ್ದರು. ಬೇಸಿಗೆಯಲ್ಲಿ ಹೊಲದಲ್ಲಿ ಆಳಿಗಿಂತ ಎತ್ತರ ಬೆಳೆಯುತ್ತಿತ್ತು, ಹೂ ಬಿಡುತ್ತಿರಲಿಲ್ಲ. ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಹೂ ಬಿಡುತ್ತಿತ್ತು. ಶಾಖ, ಗೊಬ್ಬರ, ನೀರು ಎಲ್ಲ ಬದಲಿಸಿ ನೋಡಿದರು. ಕೊನೆಗೆ 1918ರ ಬೇಸಿಗೆಯಲ್ಲಿ ಕುಂಡಗಳನ್ನು ಮಧ್ಯಾಹ್ನವೇ ಕತ್ತಲ ಗೂಡಿಗೆ ಸೇರಿಸಿ ಬೆಳಗ್ಗೆ ಹೊರಗೆ ತರಲು ಶುರು ಮಾಡಿದರು. ಗಿಡ ಹೂ ಬಿಟ್ಟಿತು. 1920ರಲ್ಲಿ ಅದನ್ನು ಪ್ರಕಟಿಸಿದರು: ಗಿಡಗಳು ಹಗಲಿನ ಉದ್ದವನ್ನು ಅಳೆಯುತ್ತವೆ. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ಬಳಸಿದ್ದು ಮರುಳುಮುಳ್ಳಿನ ಜಾತಿಯ ಕಳೆ ಗಿಡ. ಹಗಲಿನ ನಡುವೆ ಸ್ವಲ್ಪ ಕತ್ತಲು ಮಾಡಿದರೆ ಅದು ತಲೆ ಕೆಡಿಸಿಕೊಳ್ಳಲಿಲ್ಲ. ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಹಾಕಿದರೆ ಹೂವೇ ಬರಲಿಲ್ಲ. ಅಂದರೆ ಇಂಥ ಗಿಡ ಅಳೆಯುವುದು ರಾತ್ರಿಯನ್ನು, ಅದೂ ತುಂಡಾಗದ ರಾತ್ರಿಯನ್ನು. ಮಾವ ನಡುರಾತ್ರಿ ಮೂರ್ನಾಲ್ಕು ಗಂಟೆ ದೀಪ ಹಾಕುವುದು ಇದಕ್ಕೇ.

ಇದರಲ್ಲಿ ಸೇವಂತಿಗೆಗೇ ಒಂದು ಪಾಲು ಇದೆ ಅಂತ ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು. 1930ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಚೈಲಖ್ಯಾನ್ ಎಂಬ ವಿಜ್ಞಾನಿ ಸೇವಂತಿಗೆ ಗಿಡದ ಮೇಲ್ಭಾಗದ ಎಲೆಗಳನ್ನೆಲ್ಲ ಕಿತ್ತು, ಕೆಳಗಿನ ಎಲೆಗಳಿಗೆ ಮಾತ್ರ ಉದ್ದ ರಾತ್ರಿ ಸಿಗುವ ಹಾಗೆ ಮಾಡಿದರು. ಬೋಳು ತುದಿ ಬೆಳಕಲ್ಲೇ ಇತ್ತು. ಆದರೂ ಅಲ್ಲೇ ಹೂ ಬಂತು. ತಿರುಗಿಸಿ ಮಾಡಿದರೆ, ತುದಿಗೆ ಕತ್ತಲು, ಎಲೆಗೆ ಬೆಳಕು, ಆಗ ಬರಲಿಲ್ಲ. ರಾತ್ರಿ ಗೊತ್ತಾಗುವುದು ಎಲೆಗೆ. ಎಲೆ ಏನನ್ನೋ ಮೇಲಕ್ಕೆ ಕಳಿಸುತ್ತದೆ, ತುದಿ ಅದನ್ನು ಪಡೆದು ಮೊಗ್ಗಾಗುತ್ತದೆ. ಆ ಏನನ್ನೋಗೆ ಅವರು 1937ರಲ್ಲಿ ಫ್ಲೋರಿಜೆನ್ ಅಂತ ಹೆಸರಿಟ್ಟರು. ಅದು ಎಂಥ ವಸ್ತು ಅಂತ ಹುಡುಕಲು ವಿಜ್ಞಾನಿಗಳಿಗೆ ಎಪ್ಪತ್ತು ವರ್ಷ ಹಿಡಿಯಿತು. 2007ರಲ್ಲಿ, ಭತ್ತದಲ್ಲಿ ಮತ್ತು ಅರಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ, ಎಲೆಯಿಂದ ತುದಿಗೆ ಪ್ರಯಾಣ ಮಾಡುವ ಒಂದು ಪ್ರೋಟೀನ್ ಎಂದು ತೋರಿಸಿದರು. ನಮ್ಮ ಗೇಟಿನ ಬಳಿಯ ಅರ್ಧ ಗಿಡ ಈಗ ಅರ್ಥವಾಗುತ್ತದೆ. ನೆರಳಿನ ಕಡೆಯ ಎಲೆಗಳು ತಮ್ಮ ಕವಲಿನ ತುದಿಗಳಿಗೆ ಸುದ್ದಿ ಕಳಿಸಿದ್ದವು. ಬೆಳಕಿನ ಕಡೆಯ ಎಲೆಗಳಿಗೆ ಕಳಿಸಲು ಸುದ್ದಿಯೇ ಇರಲಿಲ್ಲ.

ಇನ್ನೊಂದು ವಿಷಯ. ನಮ್ಮ ಕಡೆ ಹಗಲು ರಾತ್ರಿಯ ವ್ಯತ್ಯಾಸ ಎಷ್ಟು ಕಡಿಮೆ ಅಂತ ನೋಡಿ. ಜೂನ್ ತಿಂಗಳ ಅತಿ ದೊಡ್ಡ ಹಗಲು 13 ಗಂಟೆಗೆ ಕೆಲವೇ ನಿಮಿಷ ಕಡಿಮೆ. ಡಿಸೆಂಬರಿನ ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಇಡೀ ವರ್ಷದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯ ಏರಿಳಿತ. ಯುರೋಪಿನಲ್ಲಾದರೆ ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಇಲ್ಲಿ ನಮಗೆ ಗಡಿಯಾರ ನೋಡದೆ ಗೊತ್ತೇ ಆಗುವುದಿಲ್ಲ. ಹಿತ್ತಲ ಸೇವಂತಿಗೆ ಆ ಸಣ್ಣ ವ್ಯತ್ಯಾಸ ಹಿಡಿದುಕೊಂಡೇ ತನ್ನ ಕಾಲ ಗುರುತಿಸುತ್ತದೆ. ರಾತ್ರಿ ಸಾಕಷ್ಟು ಉದ್ದವಾದ ಮೇಲೂ ಹೂ ಅರಳಲು ಜಾತಿಗೆ ತಕ್ಕಂತೆ 6ರಿಂದ 15 ವಾರ ಬೇಕು. ನಮ್ಮಜ್ಜಿಯ ಹಿತ್ತಲಿನದು ತಡವಾಗಿ ಬಿಡುವ ಜಾತಿ. ಭಾದ್ರಪದದಲ್ಲಿ ತಯಾರಿ ಶುರುವಾದರೆ ಡಿಸೆಂಬರಿಗೆ ಹೂ. ಬೇರೆ ಗಿಡಗಳೆಲ್ಲ ಇಬ್ಬನಿಗೆ ಮುದುರಿಕೊಂಡಿರುವಾಗ, ಧನುರ್ಮಾಸದ ಪೂಜೆಯಿಂದ ಸಂಕ್ರಾಂತಿಯ ಎಳ್ಳು ಬೀರುವ ತನಕ ಮನೆಗೆ ಹೂ ಕೊಡುತ್ತಿದ್ದದ್ದು ಅದೊಂದೇ. ಕುಚ್ಚು ಕಟ್ಟಿ ನಮ್ಮ ಜಡೆಗೆ ಮುಡಿಸುತ್ತಿದ್ದರು, ತಲೆಯ ಮೇಲೆ ಅಷ್ಟು ಭಾರದ ಹೂ ಇದೆ ಅನ್ನುವ ಹೆಮ್ಮೆಗೆ ನಾವು ಕುತ್ತಿಗೆ ನೆಟ್ಟಗೆ ಇಟ್ಟುಕೊಂಡು ನಡೆಯುತ್ತಿದ್ದೆವು.

ಅವರೆಕಾಯಿಗೂ ಇದೇ ಕಥೆ

ಸೇವಂತಿಗೆ ಒಂದೇ ಹೀಗೆ ಅಂದುಕೊಳ್ಳಬೇಡಿ. ಸೊಗಡಿನ ಅವರೆ ಡಿಸೆಂಬರ್, ಜನವರಿಯಲ್ಲೇ ಯಾಕೆ ಬರುತ್ತದೆ? ಅದೂ ರಾತ್ರಿ ಉದ್ದವಾಗುವುದನ್ನು ಕಾಯುವ ಬೆಳೆ. ಈಗ ವರ್ಷವಿಡೀ ಅವರೆ ಸಿಗುತ್ತದಲ್ಲ, ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಜಗ್ಗದ ಹೆಬ್ಬಾಳ ಅವರೆ ತಳಿಗಳನ್ನು ತಂದ ಮೇಲೆ. ಒಳ್ಳೆಯ ಕೆಲಸ, ರೈತರಿಗೆ ಅನುಕೂಲವಾಯಿತು. ಆದರೆ ಮಾಗಿಯ ಬೆಳಗ್ಗೆ ಮೂಗಿಗೆ ಬಡಿಯುವ ಆ ಸೊಗಡು ಬೇಕಾದರೆ ಈಗಲೂ ಹಳೆಯ ಅವರೆಗೇ ಕಾಯಬೇಕು. ಜಪಾನಿನಲ್ಲಿ ಬೀದಿದೀಪದ ಪಕ್ಕದ ಗದ್ದೆಗಳಲ್ಲಿ ಭತ್ತ ತೆನೆ ಬಿಡುವುದು ತಡವಾಗುತ್ತದೆ ಅಂತ ರೈತರು ದೂರುತ್ತಾರೆ, ಅದರ ಮೇಲೆ ಅಧ್ಯಯನಗಳೂ ಆಗಿವೆ.

ನನಗೆ ಬೇಜಾರಾಗುವುದು ಇಲ್ಲೇ. ಗಿಡ ನೆಡುವಾಗ ಬಿಸಿಲು ಬೀಳುತ್ತಾ ಅಂತ ನೋಡುತ್ತೇವೆ. ನೀರು, ಮಣ್ಣು, ಗಾಳಿ ನೋಡುತ್ತೇವೆ. ರಾತ್ರಿ ಇದೆಯಾ ಅಂತ ಯಾರೂ ನೋಡುವುದಿಲ್ಲ, ಅದು ಇದ್ದೇ ಇರುತ್ತದೆ ಅಂತ ತಿಳಿದಿದ್ದೇವೆ. ನಮ್ಮಜ್ಜಿಯ ಊರಲ್ಲಿ ಅದು ಇದ್ದೇ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬೇಡಿ, ಮಲಗಿರ್ತವೆ ಅಂತ ಗದರಿಸುತ್ತಿದ್ದರು, ಪೂಜೆಗೆ ತುಳಸಿ ಬೇಕಾದರೂ ಕತ್ತಲಾಗುವ ಮುಂಚೆ ಕೊಯ್ದಿಡಬೇಕಿತ್ತು. ಈಗ ನಮ್ಮ ಬಡಾವಣೆಯಲ್ಲಿ ಪೂರ್ತಿ ಕತ್ತಲಿರುವ ಹಿತ್ತಲು ಹುಡುಕುವುದು ಕಷ್ಟ. ಬೀದಿದೀಪ, ಪಕ್ಕದವರ ಗೇಟಿನ ದೀಪ, ಎದುರಿನ ಅಂಗಡಿಯ ಬೋರ್ಡು, ಮೂಲೆಯ ಸೈಟಿನ ಫ್ಲಡ್‌ಲೈಟು. ಮಲಗುವ ಕೋಣೆಗೆ ನಾವು ದಪ್ಪ ಪರದೆ ಹಾಕಿಕೊಳ್ಳುತ್ತೇವೆ. ಗಿಡಗಳಿಗೆ ಪರದೆ ಎಲ್ಲಿದೆ?

ಬೀದಿದೀಪ ಬೇಡ ಅಂತ ನಾನು ಹೇಳುತ್ತಿಲ್ಲ. ಟ್ಯೂಷನ್ ಮುಗಿಸಿ ಎಂಟು ಗಂಟೆಗೆ ಬರುವ ಹೆಣ್ಣುಮಕ್ಕಳಿದ್ದಾರೆ, ಗಾರ್ಮೆಂಟ್ಸ್ ಮುಗಿಸಿ ಬರುವವರಿದ್ದಾರೆ, ರಸ್ತೆಗೆ ಬೆಳಕು ಬೇಕು. ಬೆಳಕು ರಸ್ತೆಗೆ ಬೀಳಲಿ ಅಂತ ಅಷ್ಟೇ. ದೀಪದ ತಲೆ ನೆಲಕ್ಕೆ ಮುಖ ಮಾಡಿ, ಹಿಂದಕ್ಕೆ ಒಂದು ಮರೆ ಇದ್ದರೆ ಅದೇ ಬೆಳಕು ರಸ್ತೆಗೆ ಇನ್ನೂ ಚೆನ್ನಾಗಿ ಸಿಗುತ್ತದೆ. ಮನೆಗಳ ಗೋಡೆಗೆ, ಮರದ ನೆತ್ತಿಗೆ, ಆಕಾಶಕ್ಕೆ ಹೋಗುವ ಬೆಳಕಿಂದ ಯಾರಿಗೂ ಉಪಯೋಗವಿಲ್ಲ. ಅದರ ಕರೆಂಟಿನ ಬಿಲ್ಲನ್ನೂ ನಮ್ಮ ತೆರಿಗೆಯಲ್ಲೇ ಕಟ್ಟುತ್ತೇವೆ.

ತಗಡು

ದೀಪ ರಿಪೇರಿಗೆ ಬಂದ ಹುಡುಗನಿಗೆ ವಿಷಯ ಹೇಳಿದೆ. ಅರ್ಧ ಗಿಡ ತೋರಿಸಿದೆ. ಅವನು ಏಣಿಯನ್ನು ಗೋಡೆಗೆ ಒರಗಿಸಿಟ್ಟು ಬಂದು ಕೂತು ನೋಡಿದ. "ನಮ್ಮ ಅಮ್ಮಾನೂ ಹೇಳ್ತಾರೆ ಮೇಡಂ, ಮುಂಚೆ ಹೂ ಬಿಡ್ತಿತ್ತು ಈಗ ಬಿಡಲ್ಲ ಅಂತ. ನಮ್ಮನೆ ಮುಂದೇನೂ ಕಂಬ ಇದೆ" ಅಂದ. ದೀಪದ ಕೋನ ಬದಲಿಸಲು ಅವನಿಗೆ ಅನುಮತಿ ಇರಲಿಲ್ಲ, ಅರ್ಜಿ ಕೊಡಿ ಅಂದ. ಕೊಟ್ಟಿದ್ದೇನೆ.

ಅಲ್ಲಿಯವರೆಗೆ ಅಂತ ಕಾಂಪೌಂಡ್ ಗೋಡೆಯ ಮೇಲೆ ಗೇಟಿನ ಪಕ್ಕಕ್ಕೆ ಒಂದು ತಗಡಿನ ಹಾಳೆ ನಿಲ್ಲಿಸಿದೆ. ಗೌರಿ ಹಬ್ಬ ಕಳೆದ ಮೇಲೆ ಪ್ರತಿ ಸಂಜೆ ನಿಲ್ಲಿಸುವುದು, ಬೆಳಗ್ಗೆ ಬಿಸಿಲು ಬೀಳುವ ಮುಂಚೆ ತೆಗೆಯುವುದು. ಬೆಳಗ್ಗೆ ತೆಗೆಯುವುದೂ ಅಷ್ಟೇ ಮುಖ್ಯ, ಹಗಲಿನ ಬಿಸಿಲು ತಪ್ಪಿದರೆ ಗಿಡ ಸೊರಗುತ್ತದೆ. ಮನೆಯವರಿಗೆಲ್ಲ ಅಭ್ಯಾಸವಾಯಿತು, ನಾನು ಮರೆತರೆ ಮಗಳೇ ಹೋಗಿ ನಿಲ್ಲಿಸಿ ಬರುತ್ತಿದ್ದಳು. ಆ ವರ್ಷ ಗೇಟಿನ ಪಕ್ಕದ ಗಿಡಗಳೂ ಮೊಗ್ಗು ಹಿಡಿದವು, ಸಂಪಿನ ಕಡೆಯವಕ್ಕಿಂತ ಸ್ವಲ್ಪ ತಡವಾಗಿ. ಪುಷ್ಯದ ಚಳಿಯಲ್ಲಿ ಇಡೀ ಸಾಲು ಹಳದಿಯಾಯಿತು. ಜೇನುಹುಳ ಬೆಳಗ್ಗೆ ಹತ್ತರ ಬಿಸಿಲಿಗೆ ಬಂದು ಹೂವಿನ ನಡುವಿನ ಗುಬುಟಿನ ಮೇಲೆ ಸುತ್ತುತ್ತಿದ್ದವು. ನಾವು ಒಂದು ಹೂ ಅನ್ನುವುದು ನೂರಾರು ಪುಟ್ಟ ಹೂಗಳ ಗುಂಪು, ಒಂದೊಂದಕ್ಕೂ ಅವು ಮೂತಿ ಇಡುತ್ತಿದ್ದವು.

ಟೆರೇಸಿನಲ್ಲಿ ಕುಂಡದಲ್ಲಿ ಬೆಳೆಸುವವರಿಗೆ ಇನ್ನೂ ಸುಲಭ. ರಾತ್ರಿ ನೀರಿನ ಟ್ಯಾಂಕಿನ ಮರೆಗೆ, ಬೀದಿಬೆಳಕು ಬೀಳದ ಕಡೆಗೆ ಕುಂಡ ಸರಿಸಿದರೆ ಆಯಿತು. ಗಣೇಶ ಹಬ್ಬದ ಆಸುಪಾಸಿನಿಂದ ಮೊಗ್ಗು ಬಣ್ಣ ತೋರಿಸುವ ತನಕ ಇದನ್ನು ಬಿಡದೆ ಮಾಡಬೇಕು. ಒಂದು ರಾತ್ರಿ ತಪ್ಪಿದರೆ ಗಿಡಕ್ಕೇನೂ ಆಗುವುದಿಲ್ಲ, ಪದೇ ಪದೇ ತಪ್ಪಿದರೆ ಮೊಗ್ಗು ಅರ್ಧಕ್ಕೇ ನಿಂತುಬಿಡಬಹುದು. ಟೆರೇಸಿನ ಬಾಗಿಲ ಮೇಲಿನ ಬಲ್ಬನ್ನೂ ಮರೆಯಬೇಡಿ, ಬಟ್ಟೆ ತರಲು ಹೋದವರು ಆರಿಸದೆ ಬಂದರೆ ಅದೂ ಬೀದಿದೀಪವೇ.

ನಮ್ಮ ಸಾಲನ್ನು ಶಿವರಾತ್ರಿಗೆ ಮುಂಚೆ ಕತ್ತರಿಸುತ್ತೇನೆ. ಬುಡದಲ್ಲಿ ಮರಿಗಳು ತುಂಬಾ ಬರುತ್ತವೆ. ದೀಪದ ಹುಡುಗನ ಅಮ್ಮನಿಗೆ ನಾಲ್ಕು ಮರಿ ಕಳಿಸುತ್ತೇನೆ ಅಂತ ಹೇಳಿದ್ದೇನೆ, ಜೊತೆಗೆ ಒಂದು ತಗಡಿನ ತುಂಡನ್ನೂ.